ಅಧ್ಯಾಪಕರ ನೆನಪುಗಳೂ ಕಂಬಂ ಕಣಿವೆಯ ಕನ್ನಡವೂ

೧

ಆತ್ಮಕಥೆಗಳನ್ನು ಓದುವ ಅಭ್ಯಾಸವುಳ್ಳವರಿಗೆ ಒಂದು ಸಂಗತಿ ಬೇಗನೆ ಗೋಚರವಾಗುತ್ತದೆ. ದೇಶಸೇವಕರ ಕಥೆಯಾಗಲಿ, ಕವಿಯ ಕಥೆಯಾಗಲಿ, ವರ್ತಕರ ಕಥೆಯಾಗಲಿ, ಮೊದಲ ಪ್ರಕರಣಗಳಲ್ಲಿ ಒಬ್ಬ ಉಪಾಧ್ಯಾಯರು ಬಂದೇ ಬರುತ್ತಾರೆ. ಬೆತ್ತ ಹಿಡಿದೋ ಪುಸ್ತಕ ಹಿಡಿದೋ ಎರಡು ಪುಟಗಳಲ್ಲಿ ಕಾಣಿಸಿಕೊಂಡು ಮರೆಯಾಗುತ್ತಾರೆ. ಆದರೆ ಅದೇ ಉಪಾಧ್ಯಾಯರು ತಮ್ಮ ವೃತ್ತಿಜೀವನವನ್ನು ತಾವೇ ಬರೆದಿಟ್ಟ ಗ್ರಂಥಗಳನ್ನು ಹುಡುಕಹೊರಟರೆ ಪುಸ್ತಕ ಭಂಡಾರದ ಒಂದು ಅಟ್ಟವೂ ತುಂಬಲಾರದು. ಪರರ ನೆನಪಿನಲ್ಲಿ ಇಷ್ಟು ಧಾರಾಳವಾಗಿ ವಾಸಿಸುವ ಈ ವರ್ಗ ತನ್ನ ನೆನಪನ್ನು ಬರೆದಿಡುವುದರಲ್ಲಿ ಇಷ್ಟು ಜಿಪುಣತನ ತೋರಿರುವುದೇಕೆ?

ವಿನಯ ಒಂದು ಕಾರಣವಿರಬಹುದು. “ನಾವು ಮಾಡಿದ್ದೇನು? ಪಾಠ ಹೇಳಿದೆವು, ಸಂಬಳ ತೆಗೆದುಕೊಂಡೆವು, ನಿವೃತ್ತರಾದೆವು” ಎಂದು ಹೇಳುವ ಹಿರಿಯರನ್ನು ನಾವೆಲ್ಲರೂ ಬಲ್ಲೆವು. ಇನ್ನೊಂದು ಕಾರಣ ವೃತ್ತಿಯ ಸ್ವರೂಪದಲ್ಲಿಯೇ ಇದೆ. ಸೇನಾನಿಗೆ ಯುದ್ಧವುಂಟು, ವಕೀಲನಿಗೆ ಮೊಕದ್ದಮೆಯುಂಟು. ಉಪಾಧ್ಯಾಯನಿಗೆ ಜೂನ್ ತಿಂಗಳಿಂದ ಏಪ್ರಿಲ್‌ವರೆಗೆ ಅದೇ ಪಾಠ, ಅದೇ ಗಂಟೆ, ಅದೇ ಹಾಜರಿ ಪುಸ್ತಕ. ಪ್ರತಿವರ್ಷವೂ ಮರಳಿ ಬರುವ ಕೆಲಸದಲ್ಲಿ ಕಥೆ ಎಲ್ಲಿದೆ ಎಂದು ಅವನಿಗೇ ಅನುಮಾನ.

ಪ್ರಕೃತ ಲೇಖನದಲ್ಲಿ ಎರಡು ಪ್ರಶ್ನೆಗಳನ್ನು ವಿಚಾರಿಸುವುದು ನನ್ನ ಉದ್ದೇಶ. ಅಧ್ಯಾಪಕರ ನೆನಪಿಗೆ ಬೆಲೆ ಬರುವುದು ಯಾವುದರಿಂದ ಎಂಬುದು ಮೊದಲನೆಯದು. ತೇನಿ, ಕಂಬಂ, ದಿಂಡಿಗಲ್ ಸೀಮೆಯಲ್ಲಿ ಪಾಠ ಹೇಳಿದವರ ನೆನಪು ಕನ್ನಡಿಗರಾದ ನಮಗೆ ಏಕೆ ಬೇಕು ಎಂಬುದು ಎರಡನೆಯದು.

೨

ತಾವಾಗಿ ಬರೆಯದವರನ್ನು ಮಾತನಾಡಿಸಿ ಬರೆದುಕೊಳ್ಳುವ ಕ್ರಮವೊಂದು ಉಂಟು. ಅದಕ್ಕೆ ದೂರದ ಉದಾಹರಣೆಯೊಂದನ್ನು ಮೊದಲು ನೋಡೋಣ. ಅಮೆರಿಕದ ನೆವಾಡ ಸಂಸ್ಥಾನದ ಲಾಸ್ ವೇಗಾಸ್, ಮರುಭೂಮಿಯಲ್ಲಿ ಎದ್ದ ಊರು. ೧೯೦೫ರ ಮೇ ೧೫ರಂದು ರೈಲ್ವೆ ಕಂಪನಿಯೊಂದು ಅಲ್ಲಿ ನಿವೇಶನಗಳನ್ನು ಹರಾಜು ಹಾಕಿತು. ೧೯೩೦ರಲ್ಲಿ ಅಲ್ಲಿದ್ದ ಜನ ಸುಮಾರು ೫,೦೦೦. ಮರುವರ್ಷವೇ ಜೂಜು ಕಾನೂನುಬದ್ಧವಾಯಿತು. ಕೊಲರಾಡೊ ನದಿಗೆ ಹೂವರ್ ಅಣೆಕಟ್ಟನ್ನು ಕಟ್ಟುವ ಕೆಲಸವೂ ಆಗಲೇ ಆರಂಭವಾಯಿತು. ೧೯೬೦ರ ಹೊತ್ತಿಗೆ ಜನಸಂಖ್ಯೆ ೬೪,೦೦೦ವನ್ನು ಮೀರಿತು. ೨೦೦೦ದಲ್ಲಿ ೪,೭೮,೦೦೦ವನ್ನು ದಾಟಿತು. ಇಂಥ ಊರಿನಲ್ಲಿ ಶಾಲೆಯ ಕಟ್ಟಡ ಮುಗಿಯುವ ಮೊದಲೇ ಮಕ್ಕಳು ಬಾಗಿಲಲ್ಲಿ ನಿಂತಿರುತ್ತಾರೆ. ಒಂದೇ ಕಟ್ಟಡದಲ್ಲಿ ಬೆಳಗ್ಗೆ ಒಂದು ತಂಡ, ಮಧ್ಯಾಹ್ನ ಇನ್ನೊಂದು ತಂಡ ಎಂದು ಎರಡು ಪಾಳಿಗಳಲ್ಲಿ ಪಾಠ ನಡೆಸಬೇಕಾಯಿತು. ಚದರಿಹೋಗಿದ್ದ ಶಾಲಾ ಮಂಡಲಿಗಳನ್ನೆಲ್ಲ ೧೯೫೬ರಲ್ಲಿ ಕ್ಲಾರ್ಕ್ ಕೌಂಟಿ ಶಾಲಾ ಮಂಡಲಿಯೆಂದು ಒಂದುಗೂಡಿಸಿದರು.

ಆ ನಗರದ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಬೋಧಿಸುತ್ತಿದ್ದ ರಾಲ್ಫ್ ರಾಸ್ಕಿಯವರು ೧೯೭೦ರ ದಶಕದಲ್ಲಿ ತಮ್ಮ ವಿದ್ಯಾರ್ಥಿಗಳನ್ನು ಹಳೆಯ ನಿವಾಸಿಗಳ ಮನೆಗಳಿಗೆ ಕಳುಹಿಸಿ, ಅವರ ಮಾತನ್ನು ಧ್ವನಿಮುದ್ರಿಸಿ, ಲಿಪಿಗಿಳಿಸಿ, ಗ್ರಂಥಾಲಯದಲ್ಲಿ ಇಡಿಸಿದರು. ಹೀಗೆ ಮಾತನಾಡಿದವರಲ್ಲಿ ಶಾಲಾ ಉಪಾಧ್ಯಾಯರೂ ಇದ್ದರು. ೨೦೦೩ರಲ್ಲಿ ಈ ಕೆಲಸಕ್ಕಾಗಿ ಅದೇ ವಿಶ್ವವಿದ್ಯಾಲಯದಲ್ಲಿ ಪ್ರತ್ಯೇಕ ಕೇಂದ್ರವೇ ಸ್ಥಾಪಿತವಾಯಿತು.

ಇಂಥ ಸಂಗ್ರಹದ ಗುಣವೇನು? ಸರಕಾರಿ ವರದಿಗೆ ನಿಲುಕದ ಸಂಗತಿ ಅದರಲ್ಲಿ ಉಳಿಯಬಲ್ಲುದು. ಲಾಸ್ ವೇಗಾಸಿನ ಪಶ್ಚಿಮ ಭಾಗದಲ್ಲಿ ಆಫ್ರಿಕನ್ ಮೂಲದ ಅಮೆರಿಕನ್ನರು ಪ್ರತ್ಯೇಕವಾಗಿ ವಾಸಿಸಬೇಕಾಗಿತ್ತು. ಅವರ ಮಕ್ಕಳ ಶಾಲೆಯೂ ಪ್ರತ್ಯೇಕವಾಗಿತ್ತು. ನ್ಯಾಯಾಲಯದಲ್ಲಿ ವ್ಯಾಜ್ಯ ನಡೆದು, ೧೯೭೨ರಲ್ಲಿ ಒಂದು ವ್ಯವಸ್ಥೆ ಜಾರಿಗೆ ಬಂತು. ಆ ಭಾಗದ ಶಾಲೆಗಳು ಆರನೆಯ ತರಗತಿಯ ಕೇಂದ್ರಗಳಾದವು. ಬಿಳಿಯರ ಮಕ್ಕಳು ಆ ಒಂದು ವರ್ಷ ಮಾತ್ರ ಅಲ್ಲಿಗೆ ಬರುತ್ತಿದ್ದರು, ಅಲ್ಲಿಯ ಮಕ್ಕಳು ಮಿಕ್ಕ ವರ್ಷಗಳಲ್ಲಿ ಬಸ್ಸು ಹತ್ತಿ ದೂರದ ಶಾಲೆಗಳಿಗೆ ಹೋಗುತ್ತಿದ್ದರು. ಎರಡು ದಶಕಗಳ ಕಾಲ ಹೀಗೆ ನಡೆಯಿತು. ಎಷ್ಟು ಬಸ್ಸು, ಎಷ್ಟು ಮಕ್ಕಳು ಎಂಬುದನ್ನು ಕಡತ ಹೇಳುತ್ತದೆ. ಮನೆಯಿಂದ ಬಹುದೂರ ಬಂದ ಮಗು ಮೊದಲ ಗಂಟೆಯಲ್ಲಿ ಯಾವ ಬೆಂಚಿನಲ್ಲಿ, ಯಾರ ಪಕ್ಕದಲ್ಲಿ ಕುಳಿತುಕೊಂಡಿತು ಎಂಬುದನ್ನು ಹೇಳಬಲ್ಲವರು ಆ ಕೊಠಡಿಯಲ್ಲಿದ್ದ ಉಪಾಧ್ಯಾಯರು ಮಾತ್ರ.

ದೋಷವೂ ಇಲ್ಲದಿಲ್ಲ. ಇಂಥ ಮಾತು ಕೇಳುವವನ ಪ್ರಶ್ನೆಗೆ ಅಧೀನ. ಊರು ಹೇಗೆ ಬೆಳೆಯಿತೆಂದು ಕೇಳಿದರೆ ಊರಿನ ಕಥೆ ಬರುತ್ತದೆ, ಪಾಠದ ಕಥೆ ಬರುವುದಿಲ್ಲ. ಕೇಳುವವನಿಗೆ ವೃತ್ತಿಯ ಒಳಹೊರಗು ತಿಳಿಯದಿದ್ದರೆ ಹೇಳುವವರ ಒಳ್ಳೆಯ ನೆನಪು ಹೊರಗೆ ಬಾರದೆ ಉಳಿಯುತ್ತದೆ.

೩

ನಮ್ಮ ನೆರೆಯಲ್ಲಿ ಇದಕ್ಕೆ ಪ್ರತಿಯಾದ ಉದಾಹರಣೆಯೊಂದಿದೆ. ಅದು ತಮಿಳಿನ ಡಾ. ಉ. ವೇ. ಸ್ವಾಮಿನಾಥ ಅಯ್ಯರ್ ಅವರ ‘ಎನ್ ಚರಿತ್ತಿರಂ’. ೧೯೪೦ರಿಂದ ‘ಆನಂದ ವಿಕಟನ್’ ಪತ್ರಿಕೆಯಲ್ಲಿ ವಾರವಾರವೂ ಪ್ರಕಟವಾಗುತ್ತಿದ್ದ ಈ ಕಥನ ೧೯೪೨ರಲ್ಲಿ ಅವರ ಮರಣದಿಂದಾಗಿ ಅಪೂರ್ಣವಾಗಿ ನಿಂತಿತು. ೧೮೮೦ರಲ್ಲಿ ಕುಂಭಕೋಣದ ಸರಕಾರಿ ಕಾಲೇಜನ್ನು ಸೇರಿ, ೧೯೦೩ರಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ದುಡಿದ ಅಯ್ಯರ್ ಅವರನ್ನು ಲೋಕ ಗ್ರಂಥಸಂಪಾದಕರೆಂದು ಗೌರವಿಸುತ್ತದೆ. ಆದರೆ ಆ ಗ್ರಂಥದ ಜೀವಾಳವಿರುವುದು ಪಾಠದಲ್ಲಿ.

ತಮ್ಮ ಗುರುಗಳಾದ ಮಹಾವಿದ್ವಾನ್ ಮೀನಾಕ್ಷಿಸುಂದರಂ ಪಿಳ್ಳೆಯವರ ಬಳಿ ೧೮೭೧ರಿಂದ ೧೮೭೬ರಲ್ಲಿ ಗುರುಗಳು ತೀರಿಕೊಳ್ಳುವವರೆಗೆ ಕಲಿತುದನ್ನು ಅವರು ವಿವರವಾಗಿ ಚಿತ್ರಿಸಿದ್ದಾರೆ. ಗುರು ಬಾಯಿಯಿಂದ ಪದ್ಯಗಳನ್ನು ಕಟ್ಟಿ ಹೇಳುತ್ತ ಹೋಗುವುದು, ಶಿಷ್ಯ ಓಲೆಯ ಮೇಲೆ ಬರೆದುಕೊಳ್ಳುವುದು, ಯಾವ ಗ್ರಂಥದ ಅನಂತರ ಯಾವ ಗ್ರಂಥ ಎಂಬ ಕ್ರಮ, ಊಟದ ಚಿಂತೆ, ಮಠದ ಆಶ್ರಯ ಇವೆಲ್ಲ ಅಲ್ಲಿವೆ. ಗುರುವಿನ ಮೇಲೆ ಅಪಾರ ಭಕ್ತಿಯಿದ್ದರೂ ಗುರುವಿನ ಅಭಿರುಚಿಯ ಮಿತಿಯನ್ನು ಅವರು ಮುಚ್ಚಿಡಲಿಲ್ಲ. ಗೋಪಾಲಕೃಷ್ಣ ಭಾರತಿಯವರಲ್ಲಿ ತಾವು ಸಂಗೀತ ಕಲಿಯುತ್ತಿದ್ದುದು ಪಿಳ್ಳೆಯವರಿಗೆ ಹಿಡಿಸಲಿಲ್ಲವೆಂದೂ ಅದರಿಂದ ಸಂಗೀತಾಭ್ಯಾಸ ನಿಂತಿತೆಂದೂ ಅಯ್ಯರ್ ನೇರವಾಗಿ ಹೇಳುತ್ತಾರೆ. ದೂಷಣೆಯಿಲ್ಲ, ಸಮರ್ಥನೆಯೂ ಇಲ್ಲ. ನಡೆದುದು ನಡೆದಂತೆ ಇದೆ.

ಹಾಗೆಯೇ ೧೮೮೦ರ ಅಕ್ಟೋಬರಿನಲ್ಲಿ ಸೇಲಂ ರಾಮಸ್ವಾಮಿ ಮುದಲಿಯಾರರನ್ನು ಕಂಡ ಪ್ರಸಂಗ. ತಾವು ಓದಿದ ಗ್ರಂಥಗಳ ಪಟ್ಟಿಯನ್ನು ಅಯ್ಯರ್ ಹೇಳಿದಾಗ, ಇವುಗಳಿಗಿಂತ ಹಳೆಯವನ್ನು ಓದಿಲ್ಲವೇ ಎಂಬ ಅರ್ಥದ ಪ್ರಶ್ನೆ ಎದುರಿನಿಂದ ಬಂತು. ಕಾಲೇಜಿನ ಪಂಡಿತ ಮತ್ತೆ ವಿದ್ಯಾರ್ಥಿಯಾದ. ೧೮೮೭ರಲ್ಲಿ ‘ಜೀವಕ ಚಿಂತಾಮಣಿ’ ಅಚ್ಚಾಗಿ ಹೊರಬಂದುದು ಅದರ ಫಲ. ಕಲಿಸುವವನು ಎಲ್ಲಿ ಕಲಿತ ಎಂಬುದನ್ನು ಇಷ್ಟು ನಿಖರವಾಗಿ ತೋರಿಸುವ ಅಧ್ಯಾಪಕ ಕಥನಗಳು ವಿರಳ.

೪

ಕನ್ನಡದ ಕಡೆಗೆ ತಿರುಗಿದರೆ, ಗಡಿನಾಡಿನ ನಮಗೆ ಮೊದಲು ನೆನಪಾಗುವುದು ಕಯ್ಯಾರ ಕಿಞ್ಞಣ್ಣ ರೈಗಳ ‘ದುಡಿತವೇ ನನ್ನ ದೇವರು’. ೧೯೧೫ರಿಂದ ೨೦೧೫ರವರೆಗೆ ಶತಾಯುಷಿಗಳಾಗಿ ಬಾಳಿದ ರೈಗಳು ಕಾಸರಗೋಡಿನ ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ದೀರ್ಘಕಾಲ ಉಪಾಧ್ಯಾಯರಾಗಿದ್ದರು. ೧೯೬೯ರಲ್ಲಿ ರಾಷ್ಟ್ರಪ್ರಶಸ್ತಿ ಪಡೆದರು. ೧೯೯೭ರಲ್ಲಿ ಮಂಗಳೂರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಸ್ವಾತಂತ್ರ್ಯ ಚಳವಳಿ, ಕಾವ್ಯ, ಬೇಸಾಯ, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಹೋರಾಟ ಇಷ್ಟೂ ಒಂದೇ ಬಾಳಿನಲ್ಲಿ ಹೆಣೆದುಕೊಂಡಿದ್ದವು. ೧೯೫೬ರ ನವೆಂಬರ್ ೧ರಂದು ಶಾಲೆ ಇದ್ದಲ್ಲಿಯೇ ಇದ್ದು ರಾಜ್ಯ ಬದಲಾಯಿತು. ಇಂಥ ಊರಿನಲ್ಲಿ ಕನ್ನಡ ಪಾಠ ಹೇಳುವುದಕ್ಕೆ ಬೇರೆ ಎಲ್ಲಿಯೂ ಇಲ್ಲದ ಭಾರವೊಂದಿರುತ್ತದೆ. ರೈಗಳು ಆತ್ಮಕಥೆಗೆ ಕೊಟ್ಟ ಹೆಸರಿನಲ್ಲಿ ಗದ್ದೆಯ ದುಡಿತವೂ ತರಗತಿಯ ದುಡಿತವೂ ಒಂದೇ ಮಾತಿನಲ್ಲಿ ಅಡಗಿವೆ. ಆ ದೃಷ್ಟಿಯೇ ಅದರ ಹಿರಿಮೆ.

ಆದರೂ ವಿಮರ್ಶಕನು ಒಂದು ಮಾತು ಹೇಳಬೇಕಾಗುತ್ತದೆ. ಹೋರಾಟಗಾರನೂ ಕವಿಯೂ ಆದ ಅಧ್ಯಾಪಕನ ಕಥೆಯನ್ನು ಓದುವಾಗ ನಮ್ಮ ಕಣ್ಣು ಸಹಜವಾಗಿ ಸಭೆ ಮೆರವಣಿಗೆಗಳ ಕಡೆಗೆ ಹೋಗುತ್ತದೆ. ಸೋಮವಾರ ಬೆಳಗಿನ ವ್ಯಾಕರಣ ಪಾಠದ ಮೇಲೆ ನಿಲ್ಲುವುದಿಲ್ಲ. ಇದು ಬರೆದವರ ದೋಷವೆನ್ನುವುದಕ್ಕಿಂತ ಓದುವ ನಮ್ಮ ರೂಢಿಯ ದೋಷ.

ಎರಡನೆಯದು ಡಾ. ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ೧೯೩೫ರಲ್ಲಿ ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಕಲಿತು, ೧೯೪೬ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕನಾದ. ಮುಂದೆ ಪ್ರಿನ್ಸಿಪಾಲರೂ ೧೯೭೨ರಿಂದ ೧೯೭೭ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದರೂ, ೨೦೦೫ರಲ್ಲಿ ತೀರಿಕೊಳ್ಳುವವರೆಗೆ ಅವರ ವಾಸ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿಯೇ. ೧೯೪೧ರಲ್ಲಿ ಸುಮಾರು ೪ ಲಕ್ಷ ಜನರಿದ್ದ ಬೆಂಗಳೂರು ೨೦೧೧ರ ಜನಗಣತಿಯಲ್ಲಿ ೮೪ ಲಕ್ಷಕ್ಕೆ ಏರಿತು. ಮರುಭೂಮಿಯಲ್ಲಿಲ್ಲದಿದ್ದರೂ ವೇಗದಲ್ಲಿ ಯಾವ ಊರಿಗೂ ಕಡಮೆಯಿಲ್ಲದ ನಗರ ಅದು. ಊರು ಹಿಗ್ಗುತ್ತ ಹೋದಂತೆ ತನ್ನ ಅವಶ್ಯಕತೆಗಳನ್ನು ಹಿಗ್ಗಿಸಿಕೊಳ್ಳದ ಅಧ್ಯಾಪಕನ ಬಾಳು ತಾನಾಗಿಯೇ ಒಂದು ವಿಮರ್ಶೆಯಾಗುತ್ತದೆ. ಆ ಪುಸ್ತಕವನ್ನು ಓದಬೇಕಾದುದು ಈ ದೃಷ್ಟಿಯಿಂದ.

೫

ಮೇಲಿನ ಉದಾಹರಣೆಗಳಿಂದ ಕೆಲವು ಲಕ್ಷಣಗಳನ್ನು ಸಂಗ್ರಹಿಸಬಹುದು. ಅಧ್ಯಾಪಕರ ನೆನಪು ಬೆಲೆಯುಳ್ಳದ್ದಾಗಬೇಕಾದರೆ ಅದರಲ್ಲಿ ಮೊದಲನೆಯದಾಗಿ ಪಾಠವಿರಬೇಕು: ಯಾವ ಪುಸ್ತಕ, ಯಾವ ಕ್ರಮ, ಮಗು ಎಲ್ಲಿ ತಡವರಿಸಿತು, ಆ ತೊಡಕು ಹೇಗೆ ಬಿಡಿಸಿತು. ಎರಡನೆಯದಾಗಿ ಊರಿರಬೇಕು: ಮಕ್ಕಳು ಎಂಥ ಮನೆಗಳಿಂದ ಬಂದರು, ಯಾವ ಸುಗ್ಗಿಯಲ್ಲಿ ಬಾರದಾದರು. ಮೂರನೆಯದಾಗಿ ಭಾಷೆಯಿರಬೇಕು: ಮನೆಯಲ್ಲಿ ಆಡಿದ ಮಾತು, ಶಾಲೆಯಲ್ಲಿ ಬರೆದ ಮಾತು, ಇವೆರಡರ ನಡುವಣ ಅಂತರ.

ಇವುಗಳಿಗೆ ವಿರೋಧವಾಗಿ ನಿಲ್ಲುವ ದೋಷಗಳು ನಮ್ಮ ವೃತ್ತಿಗೆ ಅಂಟಿದವೇ. “ಆ ಕಾಲವೇ ಕಾಲ” ಎಂಬ ಹಾಡು ಒಂದು. ವರ್ಗಾವಣೆಗಳ ಮತ್ತು ಸನ್ಮಾನಗಳ ಪಟ್ಟಿ ಇನ್ನೊಂದು. ದೊಡ್ಡವರಾದ ಶಿಷ್ಯರನ್ನು ಎಣಿಸಿ, ಮೂರನೆಯ ತರಗತಿಯಲ್ಲಿ ಶಾಲೆ ಬಿಟ್ಟವರನ್ನು ಮರೆಯುವುದು ಮತ್ತೊಂದು. ಉಪದೇಶ ಮಾಡುವ ಚಟವನ್ನಂತೂ ಹೇಳಲೇಬೇಕಾಗಿಲ್ಲ. ಮೂವತ್ತು ವರ್ಷ ಕಪ್ಪುಹಲಗೆಯ ಮುಂದೆ ನಿಂತವನಿಗೆ ಓದುಗನೂ ಹುಡುಗನಂತೆ ಕಾಣುವುದು ಆಶ್ಚರ್ಯವಲ್ಲ.

ಇವು ಬರಿಯ ದಾಖಲೆಗಳು, ಸಾಹಿತ್ಯವಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಈ ಭೇದವನ್ನು ನಾನು ಅಷ್ಟಾಗಿ ಒಪ್ಪಲಾರೆ. ಪಿಳ್ಳೆಯವರ ಮುಂದೆ ಓಲೆ ಹಿಡಿದು ಕುಳಿತ ಹುಡುಗನ ಚಿತ್ರ ನಮ್ಮ ಮನಸ್ಸಿನಲ್ಲಿ ನಿಲ್ಲುವುದು ಅದು ನಿಖರವಾಗಿರುವುದರಿಂದ. ಸಾಕ್ಷ್ಯ ಸ್ಪಷ್ಟವಾದಷ್ಟೂ ಬರಹಕ್ಕೆ ರಸ ಹೆಚ್ಚುತ್ತದೆ. ಅಲಂಕಾರವನ್ನು ಬಯಸಿ ಸಂಗತಿಯನ್ನು ಮಸುಕು ಮಾಡಿದ ಕಥನಗಳು ದಾಖಲೆಯೂ ಆಗದೆ ಸಾಹಿತ್ಯವೂ ಆಗದೆ ಹೋದುದನ್ನು ನಾವು ಕಂಡಿದ್ದೇವೆ.

೬

ಈಗ ಈ ಅಳತೆಗೋಲನ್ನು ನಮ್ಮ ಕಣಿವೆಗೆ ಹಿಡಿಯೋಣ. ಕಂಬಂ ಕಣಿವೆ ಪಶ್ಚಿಮ ಘಟ್ಟದ ಮಳೆನೆರಳಿನ ಸೀಮೆ. ಪಶ್ಚಿಮಕ್ಕೆ ಹರಿಯುತ್ತಿದ್ದ ಪೆರಿಯಾರ್ ನದಿಗೆ ಪೆನ್ನಿಕುಯಿಕ್ ಎಂಬ ಇಂಜಿನಿಯರರು ಕಟ್ಟಿಸಿದ ಅಣೆ ೧೮೯೫ರಲ್ಲಿ ಮುಗಿದು, ಸುರಂಗದ ಮೂಲಕ ನೀರು ಪೂರ್ವಕ್ಕೆ ಇಳಿಯಿತು. ಅಂದಿನಿಂದ ಇಲ್ಲಿ ಬತ್ತದ ಗದ್ದೆಗಳು ಹಬ್ಬಿದವು, ಪೇಟೆಗಳು ಬೆಳೆದವು. ಬೋಡಿನಾಯಕನೂರು ಏಲಕ್ಕಿಯ ಮಂಡಿಯಾಯಿತು. ೧೯೮೫ರಲ್ಲಿ ದಿಂಡಿಗಲ್, ೧೯೯೬ರಲ್ಲಿ ತೇನಿ ಮಧುರೆಯಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಗಳಾದವು. ಅಣೆಕಟ್ಟಿನ ನೀರಿನಿಂದ ಊರು ಬೆಳೆದ ಕಥೆ ಲಾಸ್ ವೇಗಾಸಿಗೆ ಮಾತ್ರ ಮೀಸಲಲ್ಲವೆಂದು ಹೇಳಲು ಇಷ್ಟು ಸಾಕು. ಇಂಜಿನಿಯರರಿಗೆ ಲೋವರ್ ಕ್ಯಾಂಪಿನಲ್ಲಿ ಸ್ಮಾರಕ ಮಂಟಪವಿದೆ. ರೈತರು ಅವರ ಹೆಸರಿನಲ್ಲಿ ಪೊಂಗಲ್ ಇಡುತ್ತಾರೆ. ಅದು ಯೋಗ್ಯವೇ. ನೀರು ಬಂದ ಮೇಲೆ ಬೆಳೆದ ಊರುಗಳ ಮಕ್ಕಳಿಗೆ ಅಕ್ಷರ ಕಲಿಸಿದವರ ಮಾತನ್ನು ಯಾರು ಬರೆದುಕೊಂಡರು?

ಶಿಕ್ಷಣದ ದೃಷ್ಟಿಯಿಂದ ಇದು ಸಾಮಾನ್ಯ ಸೀಮೆಯಲ್ಲ. ಅಪರಾಧಿ ಬುಡಕಟ್ಟುಗಳ ಕಾಯಿದೆಗೆ ಒಳಗಾಗಿ ಬಳಲಿದ ಪಿರಮಲೈ ಕಳ್ಳರ್ ಸಮಾಜದ ಮಕ್ಕಳಿಗಾಗಿ ಬ್ರಿಟಿಷರ ಕಾಲದಲ್ಲಿ ತೆರೆದ ‘ಕಳ್ಳರ್ ಪುನರುದ್ಧಾರ ಶಾಲೆ’ಗಳು ಮಧುರೆ, ತೇನಿ, ದಿಂಡಿಗಲ್ ಜಿಲ್ಲೆಗಳಲ್ಲಿ ಹರಡಿಕೊಂಡವು. ಚಿನ್ನಾಳಪಟ್ಟಿಯ ಬಳಿ ೧೯೪೭ರಲ್ಲಿ ಡಾ. ಸೌಂದರಂ ಅವರೂ ಜಿ. ರಾಮಚಂದ್ರನ್ ಅವರೂ ಗಾಂಧಿಗ್ರಾಮವನ್ನು ಸ್ಥಾಪಿಸಿ, ಕೈಕೆಲಸದ ಮೂಲಕ ಕಲಿಸುವ ಮೂಲಶಿಕ್ಷಣವನ್ನು ಆಚರಣೆಗೆ ತಂದರು. ೧೯೭೬ರಲ್ಲಿ ಅಲ್ಲಿಯ ಗ್ರಾಮೀಣ ಸಂಸ್ಥೆಗೆ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. ೧೯೫೬ರಲ್ಲಿ ಕಾಮರಾಜರ ಕಾಲದ ಮಧ್ಯಾಹ್ನದ ಊಟ, ೧೯೮೨ರಲ್ಲಿ ಎಂ. ಜಿ. ರಾಮಚಂದ್ರನ್ ಅವರ ಪೌಷ್ಟಿಕ ಆಹಾರ ಯೋಜನೆ ಈ ಶಾಲೆಗಳ ಹಾಜರಿ ಪುಸ್ತಕವನ್ನು ಹೇಗೆ ಬದಲಿಸಿದವು ಎಂಬುದು ಹಿರಿಯ ಉಪಾಧ್ಯಾಯರ ಅನುಭವದಲ್ಲಿದೆ.

ಇದೇ ಸೀಮೆಯಲ್ಲಿ ಕನ್ನಡ ಮನೆಮಾತಿನವರು ತಲೆತಲಾಂತರದಿಂದ ಬಾಳಿಕೊಂಡು ಬಂದಿದ್ದಾರೆ. ಹಳೆಯ ಗ್ರಂಥಗಳು ಕಪ್ಪಿಲಿಯರೆಂದು ಹೆಸರಿಸುವ ಕಂಬಂ ಕಣಿವೆಯ ಒಕ್ಕಲಿಗರು, ಅನುಪ್ಪರು, ದಿಂಡಿಗಲ್ ಕಡೆಯ ದೇವಾಂಗ ನೇಕಾರರಲ್ಲಿ ಹಲವರು ಈ ಗುಂಪಿಗೆ ಸೇರಿದವರು. ೧೯೦೯ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ಸಂಪುಟಗಳಲ್ಲಿ ಕಂಬಂನ ದೇವರ ಹಿಂಡಿನ ವರ್ಣನೆಯಿದೆ. ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎನ್ನುವ ಆ ಹಿಂಡನ್ನು ಕನ್ನಡ ಮನೆಗಳವರು ‘ದೇವರು ಆವು’ ಎನ್ನುತ್ತಿದ್ದರು. ಪಟ್ಟದ ಹೋರಿ ಸತ್ತರೆ ಹಿಂಡಿನ ಮುಂದೆ ಕಬ್ಬನ್ನು ಹರಡಿ, ಮೊದಲು ಬಾಯಿಡುವುದನ್ನು ಹೊಸ ಪಟ್ಟಕ್ಕೆ ಆರಿಸುವ ಪದ್ಧತಿಯನ್ನೂ ಅಲ್ಲಿ ಹೇಳಿದೆ. ಹಳಗನ್ನಡ ಓದಿದವರಿಗೆ ‘ಆವು’ ಹೊಸ ಮಾತಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಅರ್ಥಕೋಶ ನೋಡಿ ತಿಳಿಯಬೇಕಾದ ಪದ ಇಲ್ಲಿ ಕೊಟ್ಟಿಗೆಯ ಮಾತಾಗಿತ್ತು.

ಆದರೆ ಥರ್ಸ್ಟನ್ನರಂಥವರು ಮದುವೆಯ ಶಾಸ್ತ್ರವನ್ನು ಬರೆದುಕೊಂಡರು, ದನದ ಹಿಂಡನ್ನು ಬರೆದುಕೊಂಡರು. ಈ ಮನೆಯ ಮಗು ಶಾಲೆಗೆ ಹೋದ ದಿನ ಏನಾಯಿತೆಂದು ಕೇಳಲಿಲ್ಲ. ಮಗು ಮನೆಯಲ್ಲಿ ಹಾಲು ಎಂದದ್ದನ್ನು ಪುಸ್ತಕ ‘ಪಾಲ್’ ಎನ್ನುತ್ತದೆ. ಹುಲಿ ‘ಪುಲಿ’ಯಾಗುತ್ತದೆ, ಹಲ್ಲು ‘ಪಲ್’ ಆಗುತ್ತದೆ, ಹತ್ತು ‘ಪತ್ತು’ ಆಗುತ್ತದೆ. ತರಬೇತಿ ಪಡೆದ ಉಪಾಧ್ಯಾಯನಿಗೆ ಇಲ್ಲಿ ಒಂದು ನಿಯಮ ಕಾಣುತ್ತದೆ. ಪಂಪನ ಕಾಲದ ಕನ್ನಡದಲ್ಲಿಯೂ ಪಾಲ್, ಪುಲಿ ಎಂದೇ ಇದ್ದವು. ಪಕಾರವು ಹಕಾರವಾದುದು ಅನಂತರದ ಮಾತು. ಈ ನಿಯಮವನ್ನು ಹಿಡಿದುಕೊಂಡವರು ಮಗುವಿನ ಮನೆಮಾತನ್ನು ಮೆಟ್ಟಿಲಾಗಿಸಿ ತಮಿಳನ್ನು ಸುಲಭವಾಗಿ ಕಲಿಸಬಲ್ಲರು. ಹಿಡಿಯದವರಿಗೆ ಅದು ಮಗುವಿನ ತಪ್ಪಾಗಿ ತೋರುತ್ತದೆ, ಕೆಂಪು ಶಾಯಿ ಬೀಳುತ್ತದೆ. ಎಷ್ಟು ಮಂದಿ ಮೊದಲನೆಯ ದಾರಿ ಹಿಡಿದರು, ಎಷ್ಟು ಮಂದಿ ಎರಡನೆಯದನ್ನು ಹಿಡಿದರು? ಯಾವ ತಪಾಸಣೆಯ ವರದಿಯಲ್ಲಿಯೂ ಇದಕ್ಕೆ ಉತ್ತರ ಸಿಕ್ಕುವಂತಿಲ್ಲ. ಪಾಠ ಹೇಳಿದವರ ಸ್ಮರಣೆಯಲ್ಲಿ ಮಾತ್ರ ಸಿಕ್ಕೀತು.

ಹೊಸೂರು, ತಾಳವಾಡಿಗಳ ಕಥೆ ಬೇರೆ. ಅಲ್ಲಿ ಕನ್ನಡ ಶಾಲೆಗಳಿವೆ. ೧೯೫೬ರ ವಿಂಗಡಣೆಯೂ ತಮಿಳನ್ನು ಕಡ್ಡಾಯ ಮಾಡಿದ ೨೦೦೬ರ ಕಾಯಿದೆಯೂ ತಂದ ಬದಲಾವಣೆಗಳಿಗೆ ಅಲ್ಲಿಯ ಉಪಾಧ್ಯಾಯರು ಸಾಕ್ಷಿಗಳು. ಕಂಬಂ ಕಣಿವೆಯ ಕನ್ನಡ ಲಿಪಿಯ ಆಸರೆಯಿಲ್ಲದೆ ಅಜ್ಜಿಯ ಬಾಯಿಂದ ಮೊಮ್ಮಗುವಿನ ಕಿವಿಗೆ ಸಾಗಿಬಂದ ಕನ್ನಡ. ಆ ಮೊಮ್ಮಗು ಶಾಲೆಯ ಬಾಗಿಲಿಗೆ ಬಂದಾಗ ಎದುರುಗೊಂಡವರು ತಮಿಳು ಉಪಾಧ್ಯಾಯರು. ಆದುದರಿಂದ ಈ ಕಣಿವೆಯ ಕನ್ನಡದ ಚರಿತ್ರೆಗೆ ಬೇಕಾದ ಸಾಕ್ಷ್ಯದಲ್ಲಿ ಒಂದು ದೊಡ್ಡ ಭಾಗ ತಮಿಳು ಉಪಾಧ್ಯಾಯರ ನೆನಪಿನಲ್ಲಿದೆ. ಈ ಮಾತು ವಿಚಿತ್ರವಾಗಿ ತೋರಬಹುದು, ಆದರೆ ನಿಜ. ಅವರನ್ನು ಕೇಳುವುದಕ್ಕೆ ನಾವು ಸಂಕೋಚಪಡಬಾರದು. ಭಾಷೆಯ ಜಗಳವನ್ನು ಅಲ್ಲಿಗೆ ಒಯ್ಯಲೂಬಾರದು.

೭

ಮಾಡಬೇಕಾದುದು ಕಷ್ಟದ ಕೆಲಸವಲ್ಲ. ನಮ್ಮ ಸಂಘದ ಸದಸ್ಯರು ಒಬ್ಬೊಬ್ಬರೂ ನಿವೃತ್ತ ಉಪಾಧ್ಯಾಯರೊಬ್ಬರ ಬಳಿ ಕುಳಿತು ಮಾತನಾಡಿಸಲಿ. ಕೇಳುವವರೂ ಉಪಾಧ್ಯಾಯರೇ ಆದುದರಿಂದ, ಲಾಸ್ ವೇಗಾಸಿನ ಕ್ರಮದಲ್ಲಿ ಬರಬಹುದೆಂದು ಮೇಲೆ ಹೇಳಿದ ದೋಷಕ್ಕೆ ಅವಕಾಶ ಕಡಮೆ. ಸೇರಿದ ವರ್ಷ, ಶಾಲೆಯ ಮಾಡು, ಮಕ್ಕಳ ಸಂಖ್ಯೆ, ಮೊದಲ ಸಂಬಳ ಇವುಗಳನ್ನು ಕೇಳಿ ಅಲ್ಲಿಗೇ ನಿಲ್ಲಬಾರದು. ಮಕ್ಕಳು ಮನೆಯಲ್ಲಿ ಯಾವ ಮಾತನಾಡುತ್ತಿದ್ದರು, ಮೊದಲ ತಿಂಗಳು ಅವರೊಡನೆ ಹೇಗೆ ವ್ಯವಹರಿಸಿದಿರಿ, ಏಲಕ್ಕಿ ಕೊಯ್ಲಿಗೆ ತಾಯಂದಿರು ಮಲೆ ಹತ್ತಿದಾಗ ತರಗತಿ ಎಷ್ಟು ಬರಿದಾಗುತ್ತಿತ್ತು, ಯಾರು ಶಾಲೆ ಬಿಟ್ಟರು, ಏಕೆ ಬಿಟ್ಟರು ಎಂಬುದನ್ನು ಕೇಳಬೇಕು. ಆಮೇಲೆ ಅದೇ ಶಾಲೆಯಲ್ಲಿ ಕಲಿತ ಕನ್ನಡ ಮನೆಯ ಹಿರಿಯರೊಬ್ಬರನ್ನೂ ಮಾತನಾಡಿಸಬೇಕು. ಕಲಿಸಿದವರ ಮಾತು, ಕಲಿತವರ ಮಾತು ಎರಡನ್ನೂ ಎದುರುಬದುರು ಇಟ್ಟು ನೋಡಿದಾಗಲೇ ಸತ್ಯದ ಅಂದಾಜು ಸಿಕ್ಕುವುದು. ಅವರು ಆಡಿದ ಮಾತನ್ನು ತಿದ್ದಿ ಗ್ರಾಂಥಿಕಗೊಳಿಸದೆ ಆಡಿದಂತೆಯೇ ಬರೆದುಕೊಳ್ಳಬೇಕು.

೧೯೫೬ರಲ್ಲಿ ಇಪ್ಪತ್ತು ವರ್ಷದ ತರುಣರಾಗಿ ಕೆಲಸಕ್ಕೆ ಸೇರಿದವರು ಈಗ ಬದುಕಿದ್ದರೆ ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರ ಪಾಠ ಟಿಪ್ಪಣಿಗಳು ಹಳೆಯ ಕಾಗದದ ಅಂಗಡಿಗೆ ಹೋಗಿ ಬಹುಕಾಲವಾಯಿತು. ಉಳಿದಿರುವುದು ಸ್ಮರಣೆಯೊಂದೇ. ಅದು ಉಳಿದಿರುವಾಗಲೇ ಕೇಳಿ ಬರೆದಿಟ್ಟುಕೊಂಡರೆ ಮುಂದಿನ ಸ್ಮರಣ ಸಂಚಿಕೆಗೆ ಸಾಮಗ್ರಿ ದೊರೆಯುವುದಷ್ಟೇ ಅಲ್ಲ, ಲಿಪಿಯಿಲ್ಲದೆ ಬಾಳಿದ ಒಂದು ಕನ್ನಡಕ್ಕೆ ಮೊದಲ ಬಾರಿ ಸಾಕ್ಷಿಗಳು ದೊರೆಯುತ್ತಾರೆ. ಬರುವ ಬೇಸಿಗೆ ರಜೆಯಲ್ಲಿಯೇ ಈ ಕೆಲಸವನ್ನು ಆರಂಭಿಸಬೇಕೆಂದು ಸಂಘದ ಬಂಧುಗಳಲ್ಲಿ ನನ್ನ ವಿನಂತಿ.